ಟೈಲರಮ್ಮನ ತಡವಾದ ಬಿತ್ತನೆ
"ಟೈಲರಮ್ಮನಿಗೆ ಯೂನಿಫಾರಂ ಕೊಟ್ರೆ ಶಾಲೆಗೆ ರಜೆ ಬಿಟ್ಟ ದಿನ ಕೈಗೆ ಸಿಗುತ್ತೆ" ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಅಂಥವಳು ಬಾಡಿಗೆ ಮನೆಯ ಹಿತ್ತಿಲಿಗೆ ಹುರುಳಿಕಾಯಿ ಬೀಜ ಹಾಕಿದ್ದೂ ಅಷ್ಟೇ, ಬೀದಿಯ ಬಳ್ಳಿಗಳೆಲ್ಲ ಕಾಯಿ ಬಿಟ್ಟು ಸುಸ್ತಾದ ಮೇಲೆ! ಮಣ್ಣಿನ ಮೇಲೆ ಟೇಪು ಹಾಸಿ, ಗುಂಡುಸೂಜಿಯಿಂದ ಗುರುತು ಮಾಡಿ, ಗೇಣಿಗೊಂದು ಬೀಜ ಊರಿದಳು. "ಇಷ್ಟು ದೂರ ದೂರ ಯಾಕೇ?" ಎಂದಳು ಪಕ್ಕದ ಮನೆಯ ಅಜ್ಜಿ. "ಬೆಳೆಯೋ ಮಕ್ಕಳ ಬಟ್ಟೆ ಅಜ್ಜಿ, ಒಳಗೆ ಸ್ವಲ್ಪ ಬಿಟ್ಟೇ ಹೊಲೀಬೇಕು." ದಿನಕ್ಕೆ ಹತ್ತು ಸಲ ಬಗ್ಗಿ, "ಏಳ್ರೋ, ಅರ್ಜೆಂಟಿದೆ" ಎಂದು ಮಣ್ಣನ್ನೇ ಗದರುವಳು. "ತಿಂಗಳ ಕೊನೆಗೆ ಮನೆ ಖಾಲಿ ಮಾಡೋಳಿಗೆ ಯಾಕೇ ಈ ಉಸಾಬರಿ?" ಎಂದು ಅಜ್ಜಿ ಕೆಣಕಿದಾಗ ಮಾತ್ರ ಟೈಲರಮ್ಮ ದನಿ ತಗ್ಗಿಸಿದಳು: "ಮನೆ ನೋಡೋಕೆ ಬಂದಿದ್ಳಲ್ಲ, ಆ ಬಸುರಿ ಹುಡುಗಿ, ಬೋಳು ಹಿತ್ತಿಲು ನೋಡಿ ಮುಖ ಸಣ್ಣ ಮಾಡ್ಕೊಂಡ್ಳು. ನಾನು ಹೋಗೋದ್ರೊಳಗೆ ಒಂದಾದ್ರೂ ಹಸಿರು ಕಾಣ್ಲಿ ಅಂತ." ಹೊಲಿಗೆ ಮಶೀನು ಗಾಡಿ ಏರಿದ ಬೆಳಿಗ್ಗೆ, ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಏಳು ಮೊಳಕೆಗಳು ತಲೆ ಎತ್ತಿದ್ದವು. ಟೈಲರಮ್ಮ ಬೀಗದ ಕೈಯ ಜೊತೆಗೆ ನೀರು ತುಂಬಿದ ಚೊಂಬನ್ನೂ ಹೊಸಬಳ ಕೈಗಿಟ್ಟು, "ಬುಡಕ್ಕೆ ಹಾಕಮ್ಮ, ನೆತ್ತಿಗೆ ಬೇಡ" ಎಂದು ಹೊಸಿಲು ದಾಟಿದಳು.