ದಡಕ್ಕೆ ಬಾರದ ಹಡಗು

ದೇವರಾಜ ಅರಸು ಬಡಾವಣೆಯ ಸೂರಪ್ಪನವರ ಮುಂದೆ ಅವರು ಹೋಗಿಬಂದ ಹಡಗಿನ ಪ್ರವಾಸದ ಮಾತೆತ್ತಬಾರದು. ಎತ್ತಿದರೆ ಕೈಯಲ್ಲಿನ ಮಿರ್ಚಿ ಬಜ್ಜಿ ಆರಿಹೋಗುವ ತನಕ ಬೈಯುತ್ತಾರೆ: "ಏಳಂತಸ್ತಿನ ಹಡಗಂತ್ರೀ! ನಾವು ನೋಡಬೇಕಾದ ಊರು ಕಣ್ಣೆದುರಿಗೇ ಐತೆ, ದಡಕ್ಕೆ ಬರಂಗಿಲ್ಲಂತೆ! ನಡುನೀರಾಗ ನಿಲ್ಲಿಸಿ, ಕುರಿ ತುಂಬಿದಂಗ ಸಣ್ಣ ದೋಣಿಗೆ ತುಂಬಿದ್ರು. ನಮ್ಮ ಹರಿಹರದ ಹೊಳ್ಯಾಗ ತೆಪ್ಪನೂ ದಡಕ್ಕೇ ಬಂದು ನಿಲ್ತೈತೆ!" ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ಆ ಹಡಗಿನ ಕ್ಯಾಪ್ಟನ್‌ಗೆ ಮಂಗಳಾರತಿ ತಪ್ಪದು. ಬೀದಿಯಲ್ಲಿ ಹೆಂಡತಿ ಓಬಕ್ಕನಿಗಿಂತ ಸದಾ ನಾಲ್ಕು ಹೆಜ್ಜೆ ಮುಂದೆಯೇ ನಡೆಯುವ ಈ ಮನುಷ್ಯ, ಆ ದೋಣಿಯಲ್ಲಿ ಆಕೆಯ ಕೈ ಹಿಡಿದದ್ದನ್ನು ಮಾತ್ರ ಬಾಯಿಬಿಡುವುದಿಲ್ಲ. ಮೊನ್ನೆ ಎಲ್ಲರೆದುರು ಆಕೆಯೇ ಹೇಳಿಬಿಟ್ಟಳು. "ದೋಣಿ ಅಲ್ಲಾಡ್ತಿತ್ತು, ಹಿಡಕಂಡೆ!" ಎಂದು ಸೂರಪ್ಪ ಸಿಡುಕಿದರು. "ಹೌದ್ರಿ," ಎಂದಳು ಓಬಕ್ಕ, "ಆಮೇಲೆ ದಡಕ್ಕಿಳಿದು ಊರೆಲ್ಲಾ ತಿರುಗೋ ತನಕ ಕೈ ಬಿಡ್ಲಿಲ್ಲ. ಊರೂ ಅಲ್ಲಾಡ್ತಿತ್ತೇನ್ರಿ?"