ನಡುಮನೆಯ ಕಂಬ ಮತ್ತು ಎಂಟು ತಿಂಗಳ ನಾಯಿ

ಹರಾಜಿಗೆಂದು ಗೋಣಿತಾಟಿನಲ್ಲಿ ಕಟ್ಟಿದ ಹೊಗೆಸೊಪ್ಪಿನ ಬೇಲುಗಳು ನಡುಮನೆಯಲ್ಲಿದ್ದ ಆ ವಾರವಿಡೀ ನಾನು ಒಂದು ಕಡೆ ಕೂತದ್ದೇ ಇಲ್ಲ. ಎದ್ದವಳೇ ಬೇಲುಗಳ ತಳ ಮುಟ್ಟಿ ನೋಡುವುದು, ಆಮೇಲೆ ಕಂಬ, ಆಮೇಲೆ ಅಡುಗೆಮನೆ ಬಾಗಿಲ ಮೂಲೆ. ಎಲ್ಲಾದರೂ ತೇವ ಕಂಡರೆ ಅಪ್ಪ ಏಳುವ ಮೊದಲೇ ಒರೆಸಿಬಿಡಬೇಕು.

ನಮ್ಮದು ರಾವಂದೂರಿನ ಹತ್ತಿರದ ಹಳ್ಳಿ. ನಾಯಿಯನ್ನು ಮರಿಯಾಗಿದ್ದಾಗ ಕೆ.ಆರ್. ನಗರದ ಗೆಳತಿಯ ಮನೆಯಿಂದ ಬಸ್ಸಿನಲ್ಲಿ, ಚೀಲದೊಳಗೆ ಬಚ್ಚಿಟ್ಟುಕೊಂಡು ತಂದವಳು ನಾನೇ. ಎಂಟನೇ ತಿಂಗಳಿಗೆ ಬೀಳುವವರೆಗೆ ಅದು ಅಂಗಳಕ್ಕೆ ಹೋಗಿ ಉಚ್ಚೆ ಹೊಯ್ದು ಬರುತ್ತಿತ್ತು. ಇದ್ದಕ್ಕಿದ್ದಂತೆ ಮನೆಯೊಳಗೆ ಕಾಲೆತ್ತಲು ಶುರುಮಾಡಿತು. ತಡೆಯಲಾರದೆ ಹೊಯ್ಯುವುದಲ್ಲ, ನಾಲ್ಕೇ ಹನಿ. ಕಂಬಕ್ಕೊಂದು, ಬಾಗಿಲಿಗೊಂದು. ಹನಿಸಿ ನನ್ನ ಮುಖ ನೋಡಿ ಬಾಲ ಆಡಿಸುವುದು ಬೇರೆ.

ಹಸು ಕೊಟ್ಟ ಹಾಲಿನಿಂದ ಹಿಡಿದು ಮಳೆ ಬಿದ್ದ ದಿನದವರೆಗೆ ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವ ಅಭ್ಯಾಸ ನನ್ನದು. ಇದನ್ನೂ ಬರೆಯತೊಡಗಿದೆ. ತಾರೀಖು, ಹೊತ್ತು, ಜಾಗ, ಆಗ ಮನೆಗೆ ಯಾರಾದರೂ ಬಂದಿದ್ದರೇ, ಬೀದಿನಾಯಿ ಬೊಗಳಿತ್ತೇ. ಕಂಬದ ಹೆಸರಿನ ಮುಂದೆ ಗೀಟುಗಳು ಸಾಲುಗಟ್ಟಿದವು. ಯಾಕೆ ಕಂಬವೇ ಎಂಬುದು ಮಾತ್ರ ಹೊಳೆಯಲಿಲ್ಲ.

ಪಿರಿಯಾಪಟ್ಟಣದ ಪಶುವೈದ್ಯರು ನಕ್ಕುಬಿಟ್ಟರು. "ವಯಸ್ಸಿಗೆ ಬಂದವ್ನೆ ಕಣಮ್ಮ. ಮುಂದಿನ ತಿಂಗಳು ಕರ್ಕೊಂಡು ಬಾ, ಆಪರೇಷನ್ ಮಾಡೋಣ. ಅಲ್ಲೀವರ್ಗೂ ಹೊಡೀಬೇಡ. ಒಂದು ಸಲ ಹೊಯ್ದ ಜಾಗದಲ್ಲಿ ವಾಸನೆ ಉಳೀದಂಗೆ ತೊಳಿ, ಅಷ್ಟೇಯ."

ತೊಳೆದೆ. ಸೋಪಿನ ನೀರು, ಬಿಸಿನೀರು, ಮತ್ತೆ ಬರೀ ನೀರು. ಮೂಗು ನೆಲಕ್ಕಿಟ್ಟು ಮೂಸಿಯೂ ನೋಡಿದೆ. ಮರುದಿನ ಅದೇ ಜಾಗದಲ್ಲಿ ಮತ್ತೆ ನಾಲ್ಕು ಹನಿ.

ಬುಧವಾರ ಬೆಳಗ್ಗೆ ಬೇಲಿನ ಮೂಲೆಯ ಗೋಣಿತಾಟು ಒದ್ದೆಯಾಗಿತ್ತು. ಈ ಸಲ ಅಪ್ಪ ನನಗಿಂತ ಮೊದಲೇ ಎದ್ದಿದ್ದರು. ಬೇಲು ಬಿಚ್ಚಿ, ತೇವ ತಾಗಿದ ಸೊಪ್ಪನ್ನು ಒಂದೊಂದಾಗಿ ಎತ್ತಿ ಬೇರೆ ಇಟ್ಟರು. ನಾಟಿಯಿಂದ ಹಿಡಿದು ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿಯವರೆಗೆ ಮನೆಯವರೆಲ್ಲ ಬೆಂದು ಮಾಡಿದ ಸೊಪ್ಪು. ತೇವ ಒಳಗೆ ಉಳಿದು ಬೂಷ್ಟು ಹಿಡಿದರೆ ಹರಾಜಿನಲ್ಲಿ ಆ ಬೇಲನ್ನು ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ.

"ಭಾನುವಾರ ನಿನ್ ಚಿಕ್ಕಪ್ಪ ಪಿಕಪ್ ತತ್ತಾನೆ," ಅಂದರು. "ಹರಾಜ್ ಕಟ್ಟೇಲಿ ಸೊಪ್ಪು ಇಳಿಸಿ ಅಂಗೇ ಅವ್ನೂರಿಗೆ ಓಯ್ತಾನೆ. ಇದ್ನೂ ಅತ್ಸಿ ಕಳ್ಸು."

ಚಿಕ್ಕಪ್ಪನದು ಎಚ್.ಡಿ. ಕೋಟೆಯ ಆಚೆ, ಎನ್. ಬೇಗೂರಿನ ಕಡೆ ಕಾಡಿನಂಚಿನ ಜಮೀನು. ಅಲ್ಲಿ ನಾಯಿಯನ್ನು ಹೊಲದ ಗುಡಿಸಲ ಹತ್ತಿರ ಕಟ್ಟುತ್ತಾರೆ. ಫೋನು ಮಾಡಿ ಕೇಳಿದೆ.

"ಸಾಕ್ತೀನಿ ಕಣವ್ವ, ಯಾಕೆ ಸಾಕಾಕಿಲ್ಲ," ಅಂದ. "ಓದ್ಸಲದ ನಾಯೀನ ಚಿರತೆ ಎತ್ಕೊಂಡೋಯ್ತಲ್ಲ, ಸರಪಳಿ ಅಂಗೇ ಐತೆ."

ಆಮೇಲೆ ಎರಡು ದಿನ ನಾಯಿ ಎದ್ದರೆ ನಾನೂ ಏಳುತ್ತಿದ್ದೆ. ಊಟದ ತಟ್ಟೆ ಹಿಡಿದುಕೊಂಡೇ ಅದರ ಹಿಂದೆ ಅಲೆದೆ.

ಶುಕ್ರವಾರ ಅಜ್ಜಿ ದೇವರ ಮುಂದೆ ದೀಪ ಹಚ್ಚುವ ಮೊದಲು ಕೊಟ್ಟಿಗೆಯಿಂದ ಚೊಂಬಿನಲ್ಲಿ ಗಂಜಳ ತಂದಳು. ಮಾವಿನೆಲೆ ಅದ್ದಿ ಕಂಬದ ಬುಡಕ್ಕೆ ಚಿಮುಕಿಸಿದಳು. ಬಾಗಿಲ ಮೂಲೆಗೆ, ಬೇಲುಗಳ ಪಕ್ಕಕ್ಕೆ. ನಾಯಿ ಅವಳ ಹಿಂದೆಯೇ ಹೋಗಿ, ಕಂಬ ಮೂಸಿ, ಗಂಭೀರವಾಗಿ ಕಾಲೆತ್ತಿತು.

ಯಾಕೆ ಕಂಬವೇ ಎಂಬುದು ನನಗೆ ಆಗ ಹೊಳೆಯಿತು. ನಾಯಿ ಗಲೀಜು ಮಾಡಿದ ಜಾಗವನ್ನು ನಾನು ತೊಳೆದು ಹೋದ ಮೇಲೆಲ್ಲ ಅಜ್ಜಿ ಬಂದು ಶುದ್ಧಿ ಮಾಡುತ್ತಿದ್ದಳು. ನಮ್ಮ ಮನೆಯಲ್ಲಿ ಅದು ಕಸ ಗುಡಿಸಿದಷ್ಟೇ ಮಾಮೂಲು. ಬೀದಿನಾಯಿ ಬೊಗಳಿದ್ದನ್ನೂ ಬರೆದಿದ್ದ ನಾನು ಅದನ್ನು ಒಮ್ಮೆಯೂ ಬರೆದಿರಲಿಲ್ಲ.

"ಅಜ್ಜಿ, ನೋಡಿಲ್ಲಿ, ನಿನ್ ಹಿಂದೇನೇ ಬತ್ತಾವ್ನೆ!"

"ಬರ್ಲಿ ಬುಡು. ನೀನಂತೂ ಕರುದ್ರೂ ಬರಾಕಿಲ್ಲ."

"ಅದಲ್ಲ ಕಣಜ್ಜಿ. ಬೇರೆ ಪ್ರಾಣಿ ಉಚ್ಚೆ ವಾಸ್ನೆ ಬಂದ್ರೆ ಅದ್ರ ಮೇಲೆ ಇವ್ನೂ ಹೊಯ್ಯಲೇಬೇಕು."

"ಉಚ್ಚೆನಾ? ಗಂಜಳ ಕಣಮ್ಮಿ ಇದು!"

"ನಿಂಗೆ ಗಂಜಳ. ಅವ್ನಿಗೆ ಯಾವ್ದೋ ಹಸ ಬಂದು ಕಂಬಕ್ಕೆ ಹೊಯ್ದೋಗೈತೆ, ಅಷ್ಟೇಯ."

ಅಜ್ಜಿಗೆ ಕೋಪ ಬಂತು. "ನಿನ್ ಸೋಪಲ್ಲಿ ಮೈಲಿಗೆ ಓಯ್ತದಾ? ನಾಯಿಗೋಸ್ಕರ ಶುದ್ಧಿ ಬುಡ್ಬೇಕಾ ನಾನು?" ಎಂದು ಚೊಂಬು ಕುಕ್ಕಿದಳು. ನಾನು ಹೇಳಿದ್ದು ಹೆಚ್ಚಾಯಿತೇನೋ ಅನ್ನಿಸಿತು. ಹೇಳದಿದ್ದರೆ ಭಾನುವಾರ ನಾಯಿ ಪಿಕಪ್ ಏರುತ್ತಿತ್ತು.

ಶನಿವಾರ ಬೆಳಗ್ಗೆ ಅವಳ ಕೈಯ ಚೊಂಬಿನಲ್ಲಿ ಹಳದಿ ನೀರಿತ್ತು. "ಅರಿಶಿನವೂ ಶುದ್ಧಾನೇಯ," ಎಂದು ನನ್ನ ಮುಖ ನೋಡದೆ ಒಲೆಯ ಕಡೆಗೆ ತಿರುಗಿ ಹೇಳಿದಳು. ಅದನ್ನು ಕಂಬದ ಬುಡಕ್ಕೆ ಚಿಮುಕಿಸಿ, ಗಂಜಳದ ಚೊಂಬನ್ನು ಅಂಗಳದಾಚೆ ಒಯ್ದು ಗೇಟಿನ ಕಲ್ಲಿಗೆ ಸುರಿದಳು. ನಾಯಿ ಕಂಬ ಮೂಸಿತು, ಸೀನಿತು, ಗೇಟಿಗೆ ನಡೆಯಿತು. ಆ ದಿನ ಒಳಗೆ ಒಂದು ಹನಿಯೂ ಬೀಳಲಿಲ್ಲ. ನನಗೆ ನಂಬಿಕೆ ಬರಲಿಲ್ಲ; ಸಂಜೆಯವರೆಗೂ ಕಂಬ ಮುಟ್ಟಿ ನೋಡುತ್ತಲೇ ಇದ್ದೆ.

ಭಾನುವಾರ ಚಿಕ್ಕಪ್ಪ ಬಂದ. ಬೇಲುಗಳು ಪಿಕಪ್ ಏರಿದವು. ಅಪ್ಪ ಹಗ್ಗ ಹಿಡಿದು ಬಂದರು.

"ಒಳಗೆ ಹೊಯ್ಯಾದು ನಿಲ್ಸವ್ನೆ ಅಪ್ಪ," ಅಂದೆ.

"ಒಂದಿನ ನಿಲ್ಸುದ್ರೆ ಆಗೋಯ್ತಾ?"

ಜಗಲಿಯ ಮೇಲೆ ಕೂತಿದ್ದ ಅಜ್ಜಿ ಎಲೆಅಡಿಕೆ ಉಗಿದು ಬಂದಳು. "ಲೇ, ಅವ್ನು ಮಾಡಿದ್ದಲ್ಲ ಕಣ್ಲಾ. ನಾನು ಚಿಮ್ಕುಸ್ದಲ್ಲೆಲ್ಲ ಹೊಯ್ದವ್ನೆ. ನಂದೇ ತಪ್ಪು. ಕಳ್ಸೋದಾದ್ರೆ ನನ್ನೂ ಅತ್ಸು ಪಿಕಪ್‌ಗೆ."

"ಬಾರವ್ವ," ಅಂದ ಚಿಕ್ಕಪ್ಪ. "ನೀನು ಗುಡಿಸ್ಲತಾವ ಕೂತ್ರೆ ಚಿರತೆ ಕೇರಳಕ್ಕೇ ಓಡೋಯ್ತದೆ."

ಅಪ್ಪನಿಗೆ ನಗು ಬಂದರೂ ನಗಲಿಲ್ಲ. ಕೈಯಲ್ಲಿದ್ದ ಹಗ್ಗ ನೋಡಿದರು. ಅದನ್ನು ಬೇಲುಗಳ ಮೇಲಿನ ಟಾರ್ಪಾಲಿಗೆ ಎಸೆದು, "ಆ ಕಡೆ ಬಿಗಿ," ಎಂದು ಚಿಕ್ಕಪ್ಪನಿಗೆ ಹೇಳಿದರು.

ಅವರು ಗಂಟು ಹಾಕುತ್ತಿದ್ದಾಗ ನಾಯಿ ಪಿಕಪ್ಪಿನ ನಾಲ್ಕೂ ಚಕ್ರ ಮೂಸಿ, ಹಿಂದಿನದನ್ನು ಆರಿಸಿಕೊಂಡಿತು. ಯಾರೂ ಬಯ್ಯಲಿಲ್ಲ. ಗಾಡಿ ತಿರುವು ದಾಟಿದ ಮೇಲೆ ನಾನು ಒಳಗೆ ಬಂದು, ಬರಿದಾದ ನಡುಮನೆಯಲ್ಲಿ ಕಂಬವನ್ನು ಇನ್ನೊಮ್ಮೆ ಮುಟ್ಟಿದೆ.