ಮಾಲವ್ವನ ಇಲ್ಲದ ಎಮ್ಮೆ

ಗಿರಣಿಯ ಭೋಂಗಾ ಕೂಗುವ ಮೊದಲೇ ಅಂಬೇವಾಡಿಯ ಚಾಳಿನ ನಳದ ಕೆಳಗೆ ಮಾಲವ್ವ ಕೊಡ ಇಟ್ಟಾಗಿದೆ. ನೀರು ಬರುವುದು ಒಂದೇ ತಾಸು. ಪಾಳಿಗೆ ಹೊರಟವರ ಮನೆಗೆ ಮೊದಲು, ಬಾಣಂತಿ ಇರುವ ಮನೆಗೆ ಆಮೇಲೆ. ಇಪ್ಪತ್ತೆರಡು ಮನೆಗಳ ಕೊಡಗಳನ್ನೂ ಅವರೇ ತುಂಬಿಸುತ್ತಾರೆ. ಮಳೆಗಾಲದಲ್ಲಿ ನೀರು ಕೆಂಪಗೆ ಬಂದರೆ ತುರಟಿಯ, ಅಂದರೆ ಪಟಿಕದ, ಹರಳು ಆಡಿಸಿ, ಕೆಸರು ತಳಕ್ಕಿಳಿದ ಮೇಲೆಯೇ ಕೊಡ ಎತ್ತಗೊಡುತ್ತಾರೆ.

ಇದಕ್ಕೆ ಅವರು ಕೇಳುವ ಕೂಲಿ ಮುಸುರಿ ನೀರು. ಅಕ್ಕಿ ತೊಳೆದದ್ದು, ಪಾತ್ರೆ ತೊಳೆದದ್ದು.

ಗಂಡನಿಗೆ ಗಿರಣಿಯಲ್ಲಿ ಕೆಲಸ ಸಿಕ್ಕಿತೆಂದು ಧಾರವಾಡದ ಕಡೆಯಿಂದ ಬಂದವರು ಮಾಲವ್ವ. ಹೋದ ವರ್ಷ, ೧೯೬೩ರ ಮಳೆಗಾಲದಲ್ಲಿ, ಮನೆಮನೆಯವರು ಚೆಲ್ಲಿದ ಮುಸುರಿ ನೀರೆಲ್ಲ ನಳದ ಬುಡಕ್ಕೇ ಬಂದು ನಿಂತು ಹುಳ ಬಿದ್ದಿತ್ತು. ನಳ ಕೀಳಿಸುತ್ತೇನೆ, ಹೊಳೆಗೆ ಹೋಗಿ ಎಂದರು ಚಾಳು ನೋಡಿಕೊಳ್ಳುವ ಮುಕಾದಮ ಲಗಮಪ್ಪ. ಮಾಲವ್ವ ದೀಪಾವಳಿಯವರೆಗೆ ಗಡುವು ಬೇಡಿದರು. ಮರಳು, ಇದ್ದಿಲು ತುಂಬಿದ ಗುಂಡಿ ತೋಡಿ, ಎಲ್ಲರ ಮುಸುರಿಯನ್ನೂ ಅದರಲ್ಲಿ ಸೋಸಿ, ಹಿತ್ತಿಲ ಹೀರೆ ಬಳ್ಳಿಗೂ ಬಸಳೆಗೂ ಹರಿಸಿದರು.

ಬಳ್ಳಿ ಸುಟ್ಟಂತೆ ಮುರುಟಿತು. ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ನಾಲಗೆಗೆ ಹಚ್ಚಿ ನೋಡಿದರೆ ಉಪ್ಪು.

ಮಾಲವ್ವ ಮನೆಮನೆ ವಿಚಾರಿಸುತ್ತ ಕೊನೆಯ ಮನೆಗೆ ಬಂದಾಗ ಗೋದುಬಾಯಿ ನಕ್ಕೇ ಹೇಳಿದರಂತೆ: "ಮುಸುರಿ ಕೇಳೀದಿ ಅಂದ್ರ ಎಲ್ಲೋ ಎಮ್ಮಿ ಕಟ್ಟೀದಿ ಅಂದ್ಕೊಂಡೆ. ಛಲೋ ಹಾಲು ಕೊಡ್ಲಿ ಅಂತ ದಿನಾ ಮುಷ್ಟಿ ಉಪ್ಪು ಹಾಕೀನಿ."

"ಅಕ್ಕಾರ, ನನ್ನ ಎಮ್ಮಿಗೆ ಬಳ್ಳಿ ಐತ್ರಿ, ಬಾಲ ಇಲ್ರಿ," ಎಂದರು ಮಾಲವ್ವ.

ಮಣ್ಣು ಬದಲಿಸಿ ಮತ್ತೆ ಬೀಜ ಊರಿದರು. ಈ ಸಲ ಕಾವಲಿಗೆ ಗೋದುಬಾಯಿಯೇ ನಿಂತರು, ಯಾರ ಬಕೀಟಿಗೂ ಉಪ್ಪು ಬೀಳದಂತೆ. ದೀಪಾವಳಿಗೆ ಬಂದ ಮುಕಾದಮರ ಚಪ್ಪಲಿಗೆ ಕೆಸರು ಹತ್ತಲಿಲ್ಲ. ನಳದ ಮಾತೆತ್ತದೆ, ವಸ್ತ್ರದಲ್ಲಿ ಹೀರೆಕಾಯಿ ಕಟ್ಟಿಕೊಂಡು ಹೋದರು.

ಈಗ ಕಾಯಿಪಲ್ಲೆ ಮೊದಲು ಚಾಳಿನ ಮನೆಗಳಿಗೆ, ಮಿಕ್ಕಿದ್ದು ಸಂತೆಗೆ. ತುರಟಿ, ನಳ ಸೋರದಂತೆ ಹಾಕುವ ವಾಯ್ಸರು ಬರುವುದು ಆ ದುಡ್ಡಿನಿಂದಲೇ.

"ನಮ್ಮ ನಳ ತನ್ನ ಖರ್ಚು ತಾನ ದುಡೀತೈತ್ರಿ," ಎನ್ನುವಾಗ ಮಾಲವ್ವನ ಕುತ್ತಿಗೆ ನೆಟ್ಟಗಾಗುತ್ತದೆ. ಇನ್ನೇನು ಆಸೆ ಎಂದು ಕೇಳಿದರೆ, ಗೋದುಬಾಯಿಯ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ.

"ಒಂದು ಎಮ್ಮಿ ಕಟ್ಟಬೇಕ್ರಿ. ಪಾಪ, ಅಷ್ಟು ಉಪ್ಪು ಹಾಕ್ಯಾರ, ಒಂದು ಗಿಂಡಿ ಹಾಲರ ಅವ್ರ ಮನಿಗೆ ಹೋಗ್ಲಿ."